ಜೊಂಪೆಗೆ ಹುಬ್ಬು ಬಂದದ್ದು

ಎಲ್ಲದಕ್ಕೂ ಮೂಲ ಒಂದು ಕಂದು ಬಣ್ಣದ ಫ್ರೇಮು.

ಕನ್ನಡಕದ ಅಂಗಡಿಗೆ ಬಂದ ಹೆಂಗಸೊಬ್ಬರು ಅದನ್ನು ಗಂಡನಿಗೆಂದು ಆರಿಸಿದರು. ಗಂಡ ಜೊತೆಯಲ್ಲಿ ಬಂದಿರಲಿಲ್ಲ. "ಯಾರಾದ್ರೂ ಒಂದ್ಸಲ ಹಾಕ್ಕೊಂಡು ತೋರಿಸ್ತೀರಾ?" ಎಂದರು. ಕೌಂಟರಿನಲ್ಲಿ ನಿಂತಿದ್ದ ಜೊಂಪೆ ಹಾಕಿಕೊಂಡು ತೋರಿಸಿದ. ಆಕೆ ಕತ್ತು ವಾಲಿಸಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. "ಯಾಕೋ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗಿದೆಯಪ್ಪ" ಎಂದರು. ಒಳಗೆ ಕೂತಿದ್ದ ಯಜಮಾನರು ತಲೆ ಕೂಡ ಎತ್ತದೆ, "ಅದನ್ನ ಹುಬ್ಬಣ್ಣನ ಮುಖಕ್ಕೆ ಹಾಕಿ ತೋರಿಸ್ರೋ!" ಎಂದು ಕೂಗಿದರು. ಹುಬ್ಬಣ್ಣ ಹಿಂದಿನ ರಿಪೇರಿ ಟೇಬಲ್ಲಿನಿಂದ ಎದ್ದು ಬಂದು, ಫ್ರೇಮು ಹಾಕಿಕೊಂಡು, ಎಡಹುಬ್ಬನ್ನು ಒಂದಿಷ್ಟೇ ಮೇಲೆತ್ತಿದ. ಆಕೆ ಎರಡು ಫ್ರೇಮು ಕಟ್ಟಿಸಿಕೊಂಡು ಹೋದರು.

ಜೊಂಪೆ ಎನ್ನುವುದು ಅವನ ಹೆಸರಲ್ಲ. ಹುಟ್ಟುವಾಗಲೇ ತಲೆತುಂಬ ಕೂದಲಿತ್ತೆಂದು ಅವನ ಅಜ್ಜಿ ಕರೆದದ್ದು. ನಲವತ್ತೊಂದು ವರ್ಷವಾದರೂ ಆ ಕೂದಲೂ ಹೋಗಿಲ್ಲ, ಆ ಹೆಸರೂ ಹೋಗಿಲ್ಲ. ಕಪ್ಪಗೆ, ದಟ್ಟವಾಗಿ, ಅಲೆ ಅಲೆಯಾಗಿ ಕುತ್ತಿಗೆಯವರೆಗೆ ಇಳಿದ ಕೂದಲು. ಆದರೆ ತಲೆಗೆ ಧಾರಾಳವಾಗಿ ಸುರಿದ ದೇವರು ಹುಬ್ಬಿನ ಹತ್ತಿರ ಬರುವಾಗ ಕೈ ಬಿಗಿ ಮಾಡಿಬಿಟ್ಟಿದ್ದ. ಎಡಗಡೆ ಒಂಬತ್ತು ಕೂದಲು, ಬಲಗಡೆ ಹದಿಮೂರು. ಎಣಿಸಿದವನು ಜೊಂಪೆಯೇ.

ಹುಬ್ಬಣ್ಣನದು ಇದಕ್ಕೆ ಪೂರ್ತಿ ತಿರುವುಮುರುವು. ತಲೆಯೋ, ತೊಳೆದು ಬೋರಲು ಹಾಕಿದ ಸ್ಟೀಲ್ ಪಾತ್ರೆ. ಕಣ್ಣಿನ ಮೇಲೆ ಮಾತ್ರ ಎರಡು ಕೊಬ್ಬಿದ ಕಂಬಳಿಹುಳು. ಒಂದು ಹುಬ್ಬೇರಿಸಿದರೆ ಗಿರಾಕಿ ಚೌಕಾಸಿ ನಿಲ್ಲಿಸುತ್ತಿದ್ದ, ಎರಡೂ ಏರಿಸಿದರೆ ಯಜಮಾನರೇ ಬೈಯುವುದನ್ನು ನಿಲ್ಲಿಸುತ್ತಿದ್ದರು. ಆ ಅಂಗಡಿಯಲ್ಲಿ ಹನ್ನೊಂದು ಕನ್ನಡಿಗಳಿದ್ದವು. ಜೊಂಪೆ ಯಾವುದಕ್ಕೆ ಮುಖ ಕೊಟ್ಟರೂ ಬೆನ್ನ ಹಿಂದಿನಿಂದ ಆ ಹುಬ್ಬುಗಳು ಎದ್ದು ಕಾಣುತ್ತಿದ್ದವು. ಎಂಟು ವರ್ಷ ಹೀಗೇ ಕಳೆದಿತ್ತು. ಒಂದು ಸಲ ಅವು ಎರಡೂ ಉದುರಿಬಿದ್ದಂತೆ ಕನಸು ಕಂಡು, ಎದ್ದವನೇ ಹಾಡು ಗುನುಗುತ್ತ ಸ್ನಾನ ಮಾಡಿದ್ದ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ನಾನೇಕೆ ಅವನ ಮಾನ ಕಾಪಾಡಲಿ?

ಹೀಗಿರುವಾಗ ಯಜಮಾನರು ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ತೆರೆಯುವುದಾಗಿ ಹೇಳಿದರು. ಅದರ ಮೇಲೆ ಎರಡಾಳೆತ್ತರದ ಬೋರ್ಡು. "ಬೋರ್ಡ್ ಮೇಲೆ ದುಡ್ಡು ಕೊಟ್ಟು ತರಿಸಿದ ಯಾರ್ಯಾರನ್ನೋ ಹಾಕಲ್ಲ. ನಿಮ್ಮಿಬ್ಬರಲ್ಲೇ ಒಬ್ಬರ ಫೋಟೋ. ಯಾರು ಬೋರ್ಡ್ ಮೇಲೋ ಅವರೇ ಆ ಅಂಗಡಿಗೆ ಮ್ಯಾನೇಜರು. ಮುಂದಿನ ತಿಂಗಳು ಹತ್ತನೇ ತಾರೀಕು ಫೋಟೋದವನು ಬರ್ತಾನೆ."

"ಯಾರು ಅಂತ ಏನಾದ್ರೂ…" ಎಂದು ಜೊಂಪೆ ರಾಗ ಎಳೆದ.

"ನನ್ನ ಮನಸ್ಸಲ್ಲಿ ಆಗಲೇ ಗೊತ್ತಾಗಿದೆ. ಆ ದಿನ ಹೇಳ್ತೀನಿ" ಎಂದರು ಯಜಮಾನರು. ಅರ್ಧ ಮಾತು ಆಡಿ ಉಳಿದರ್ಧ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವರಿಗೆ ಮೊದಲಿನಿಂದಲೂ ಅಭ್ಯಾಸ.

ಜೊಂಪೆಗೆ ಆ ಅರ್ಧ ಮಾತು ಕೇಳಬೇಕಾಗಿಯೇ ಇರಲಿಲ್ಲ. ಎರಡಾಳೆತ್ತರದ ಬೋರ್ಡಿನ ಮೇಲೆ ಒಂದೊಂದು ಮೊಳದ ಕಂಬಳಿಹುಳುಗಳು ಅವನ ಕಣ್ಣಿಗೆ ಕಟ್ಟಿಬಿಟ್ಟವು. ಅದರ ಕೆಳಗೆ, ಸ್ವಂತ ಕುರ್ಚಿಯ ಮೇಲೆ ಹುಬ್ಬಣ್ಣ. ಜೊಂಪೆ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಮರುದಿನ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹುಬ್ಬಿಗೆ ಕೂದಲು ನಾಟಿ ಹಾಕಲು ದಿನ ಗೊತ್ತುಮಾಡಿಕೊಂಡು ಬಂದ. ಅಂಗಡಿಯಲ್ಲೂ ಅಕ್ಕಪಕ್ಕದವರಿಗೂ ಕಣ್ಣುಬೇನೆ ಎಂದು ಹೇಳಿ ಹನ್ನೊಂದು ದಿನ ರಜ ಹಾಕಿದ. ಕನ್ನಡಕದ ಅಂಗಡಿಯಲ್ಲಿ ಕಣ್ಣುಬೇನೆ ಅಂದರೆ ಎಲ್ಲರೂ ತಾವೇ ಬಾಗಿಲು ತೆರೆದು ಕಳಿಸಿಕೊಡುತ್ತಾರೆ.

ಡಾಕ್ಟರು ಅವನ ಕಿವಿಯ ಹಿಂದೆ, ಎರಡು ಬೆಂಕಿಪೊಟ್ಟಣ ಇಡುವಷ್ಟು ಜಾಗ ಬೋಳಿಸಿ, ಅಲ್ಲಿಂದ ಒಂದೊಂದೇ ಕೂದಲು ಬೇರುಸಹಿತ ಕಿತ್ತು ಹುಬ್ಬಿನಲ್ಲಿ ಊರಿದರು. ಆರು ಗಂಟೆ ಹಿಡಿಯಿತು. ಮೊದಲ ನಾಲ್ಕು ದಿನ ಮುಖ ಊದಿ, ಕಣ್ಣೆರಡೂ ಉಬ್ಬಿದ ಪೂರಿಯ ಮೇಲೆ ಉಗುರಿನಿಂದ ಗೀರಿದ ಗೆರೆಯಂತಿದ್ದವು. ಆಮೇಲೆ ಹಕ್ಕಳೆ ಕಟ್ಟಿತು. ಮುಟ್ಟಬಾರದು, ಉಜ್ಜಬಾರದು, ಬೆವರಬಾರದು, ಬಗ್ಗಬಾರದು, ಅಂಗಾತವೇ ಮಲಗಬೇಕು, ಮುಖ್ಯವಾಗಿ ಹುಬ್ಬು ಗಂಟಿಕ್ಕಬಾರದು. "ಮೂರನೇ ವಾರಕ್ಕೆ ನೆಟ್ಟದ್ದೆಲ್ಲ ಒಂದ್ಸಲ ಉದುರುತ್ತೆ, ಹೆದರ್ಬೇಡಿ" ಎಂದು ಡಾಕ್ಟರು ಹೇಳಿದ್ದರು. "ಬೇರು ಒಳಗೇ ಇರುತ್ತೆ. ನಾಲ್ಕು ತಿಂಗಳಿಗೆ ಹೊಸದಾಗಿ ಬರುತ್ತೆ." ಜೊಂಪೆ ಲೆಕ್ಕ ಹಾಕಿಯೇ ಹೊರಟಿದ್ದ. ಹಕ್ಕಳೆ ಬಿದ್ದ ಮೇಲೆ, ಕೂದಲು ಉದುರುವ ಮೊದಲು, ನಡುವೆ ಸಿಗುವ ಐದಾರು ದಿನದಲ್ಲೇ ಹತ್ತನೇ ತಾರೀಕು ಬರುತ್ತಿತ್ತು.

ಆ ಹತ್ತನೇ ತಾರೀಕು ಬಂತು.

ಬೆಳಿಗ್ಗೆ ಹೆಂಡತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮೇಲಿನ ಕೂದಲನ್ನು ಬೋಳು ಜಾಗದ ಮೇಲೆ ಇಳಿಬಿಟ್ಟು, ಕಾಣದ ಹಾಗೆ ತನ್ನದೇ ಎರಡು ಕ್ಲಿಪ್ಪು ಸಿಕ್ಕಿಸಿದಳು.

"ಹಿಂದುಗಡೆ ಎಷ್ಟು ಚೆನ್ನಾಗಿತ್ರೀ! ಕಿತ್ತು ಮುಂದಕ್ಕೆ ಹಾಕಿಸ್ಕೊಂಡ್ರಲ್ಲ."

"ಹಿಂದುಗಡೆ ಯಾರೇ ನೋಡ್ತಾರೆ? ಮುಂದೆ ಹೇಗಿದೆ ಹೇಳು."

"ಹುಬ್ಬಿನ ಹಾಗೇ ಇದೆ" ಎಂದಳು ಅವಳು. ಅಷ್ಟು ದೊಡ್ಡ ಹೊಗಳಿಕೆ ಜೊಂಪೆಯ ಮುಖಕ್ಕೆ ಅದುವರೆಗೆ ಸಿಕ್ಕಿರಲಿಲ್ಲ.

ಅವನು ಹಿಗ್ಗಿ ಕನ್ನಡಿಯ ಎದುರು ಎಡಹುಬ್ಬು ಏರಿಸಿ ನೋಡುತ್ತಿರುವಾಗಲೇ ಪಕ್ಕದ ಮನೆಯ ನರ್ಸಮ್ಮ ಒಳಗೆ ಬಂದರು. ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು. ರೋಗಿಗಳು ಸಿಗದೆ ಕೈ ಕಡಿಯುತ್ತಿತ್ತೆಂದು ಕಾಣುತ್ತದೆ, ಬರುವಾಗ ಒದ್ದೆ ಹತ್ತಿಯ ಉಂಡೆ ಹಿಡಿದೇ ಬಂದಿದ್ದರು.

"ಕಣ್ಣುಬೇನೆ ವಾಸಿಯಾಯ್ತೇನಪ್ಪ? ಎಲ್ಲಿ ನೋಡೋಣ. ಅಯ್ಯೋ, ಕಣ್ಣಿನ ಪಿಸುರು ಹುಬ್ಬಿಗೆಲ್ಲ ಅಂಟಿ ಒಣಗಿದೆಯಲ್ಲ!"

"ಅದು ಪಿಸುರಲ್ಲ, ನರ್ಸಮ್ಮ. ಮುಟ್ಟಬೇಡಿ!"

ಬೇಡ ಎಂದ ರೋಗಿಗಳನ್ನು ಮೂವತ್ತು ವರ್ಷ ಅದುಮಿ ಹಿಡಿದ ಕೈ ಅದು. ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈಯಲ್ಲಿ ಎಡಹುಬ್ಬನ್ನು ಅಡುಗೆಮನೆಯ ಕಟ್ಟೆ ಒರೆಸಿದ ಹಾಗೆ ಎರಡು ಸಲ ಉಜ್ಜಿದರು. ಜೊಂಪೆ ಕಿರುಚಿದ. "ಗಂಡಸಾಗಿ ಇಷ್ಟಕ್ಕೆ ಕೂಗ್ತಾರೇನು?" ಎಂದು ನರ್ಸಮ್ಮ ಅವನನ್ನೇ ಗದರಿಸಿದರು. ಹತ್ತಿಯ ಮೇಲೆ ನಾಲ್ಕು ಕೂದಲು ಬಂದಿದ್ದವು. ಸಿಟ್ಟು ನೆತ್ತಿಗೇರಿತು, ಆದರೆ ಗಂಟಿಕ್ಕಬಾರದಲ್ಲ! ಜೊಂಪೆ ಹುಬ್ಬು ಅಲುಗದ ಹಾಗೆ ಹಲ್ಲು ಕಿರಿದು, "ತುಂಬಾ ಉಪಕಾರ ಆಯ್ತು" ಎಂದು ಚಪ್ಪಲಿ ಮೆಟ್ಟಿದ.

ಬಸ್ಸಿನಲ್ಲಿ ಬೆವರಬಾರದೆಂದು ಕಿಟಕಿಯ ಹೊರಗೆ ಮುಖ ಹಾಕಿಕೊಂಡೇ ಹೋದ. ಹಾಗೆ ಹೋಗುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಚಿತ್ರ: ತಾನು ಒಳಗೆ ಕಾಲಿಟ್ಟ ಕೂಡಲೇ ಹುಬ್ಬಣ್ಣನ ಮುಖ ಹುಳ್ಳಗಾಗುವುದು. ಹೊಸ ಹುಬ್ಬಿಗಿಂತ ಆ ಹುಳ್ಳಗಾದ ಮುಖಕ್ಕಾಗಿಯೇ ಅವನು ಆರು ಗಂಟೆ ಸೂಜಿ ಚುಚ್ಚಿಸಿಕೊಂಡದ್ದು.

ಅಂಗಡಿಯಲ್ಲಿ ಯಾರೂ ಏನೂ ಹೇಳಲಿಲ್ಲ.

ಬಿಲ್ಲು ಬರೆಯುವ ಬಿಲ್ಲಮ್ಮನ ಎದುರು ಜೊಂಪೆ ಮೂರು ಸಲ ಸುಳಿದಾಡಿದ. ಆಕೆ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬಹಳ ಹೊತ್ತು ದಿಟ್ಟಿಸಿ, "ನಿಮ್ಮ ಮುಖದಲ್ಲಿ ಏನೋ ಬದಲಾಗಿದೆ ಕಣ್ರೀ" ಎಂದಳು.

"ಏನು? ಏನು ಬದಲಾಗಿದೆ?"

"ಮೀಸೆ ತೆಗೆಸಿದ್ರಾ?"

ಜೊಂಪೆಗೆ ಎಂದೂ ಮೀಸೆ ಇರಲಿಲ್ಲ. ಇನ್ನು ಹುಬ್ಬಣ್ಣನೋ, ಆ ಸೆಕೆಯಲ್ಲಿ ತಲೆಗೆ, ಕಿವಿಗೆ, ಕುತ್ತಿಗೆಗೆಲ್ಲ ಒಂದು ಉಣ್ಣೆ ಟೋಪಿ ಎಳೆದುಕೊಂಡು ಕೂತಿದ್ದ. ಟೋಪಿಯ ಅಂಚಿನ ಕೆಳಗೆ ಆ ಹಾಳು ಕಂಬಳಿಹುಳುಗಳು ಇನ್ನೂ ದಪ್ಪವಾಗಿ ಕಂಡವು.

"ಏನ್ ಹುಬ್ಬಣ್ಣ, ಟೋಪಿ?"

"ತಲೆಗೆ ಶೀತ ಕಣೋ" ಎಂದ ಹುಬ್ಬಣ್ಣ, ಕಣ್ಣು ತಪ್ಪಿಸಿ. ಆಮೇಲೆ ನಿಧಾನಕ್ಕೆ ಕಣ್ಣು ಮೇಲೆತ್ತಿ ಜೊಂಪೆಯ ಹಣೆಯನ್ನೇ ನೋಡಿದ. ನೋಡಿ, ಎರಡೂ ಹುಬ್ಬು ಏರಿಸಿದ. ಮುಖ ಹುಳ್ಳಗಾಗಲಿಲ್ಲ. ಸುಮ್ಮನೆ, "ಚೆನ್ನಾಗಿದೆ" ಎಂದ. ಹೊಟ್ಟೆಕಿಚ್ಚಿನ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಜೊಂಪೆಯ ಹೊಟ್ಟೆಯೊಳಗೆ ಯಾರೋ ಸ್ಟೋವು ಹೊತ್ತಿಸಿ ಪಂಪು ಹೊಡೆದ ಹಾಗಾಯಿತು.

ಅಷ್ಟರಲ್ಲಿ ವಯಸ್ಸಾದ ಗಿರಾಕಿಯೊಬ್ಬರು ಹೊಸ ಕನ್ನಡಕ ತೆಗೆದುಕೊಳ್ಳಲು ಬಂದರು. ಜೊಂಪೆ ಗ್ಲಾಸು ಒರೆಸಿ, ಬಗ್ಗಿ, ಅವರ ಮೂಗಿಗೆ ಏರಿಸಿದ. ಬಗ್ಗಬಾರದಿತ್ತು.

"ಇದೇನ್ರೀ ಇದು, ಹೊಸ ಗ್ಲಾಸಲ್ಲಿ ಬಿರುಕು!" ಎಂದರು ಮುದುಕರು. "ಒಂದಲ್ಲ, ಮೂರು ಬಿರುಕು!"

ಒಳಗಿನಿಂದ ಯಜಮಾನರು ದಡದಡನೆ ಬಂದರು. ಹುಬ್ಬಣ್ಣ ಎದ್ದು ಬಂದು, ಕನ್ನಡಕವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಒಂದು, ಎರಡು, ಮೂರು ಎಂದು ಬಿರುಕುಗಳನ್ನು ಹೆಕ್ಕಿ ತೆಗೆದ. "ಕೂದಲು ಸಾರ್" ಎಂದ. ಮುದುಕರು ತಮ್ಮ ಬೋಳುತಲೆ ಸವರಿಕೊಂಡು, "ನನ್ನದಂತೂ ಅಲ್ಲಪ್ಪ" ಎಂದರು. ಯಜಮಾನರು ಜೊಂಪೆಯ ತಲೆಯ ಕಡೆ ನೋಡಿ ಏಕೋ ಗಾಬರಿಯಾದರು. "ಜೊಂಪೆ, ಕೂದಲು ಉದುರ್ತಾ ಇದೆಯೇನಯ್ಯ? ಜೋಪಾನ ಕಣಯ್ಯ!" ಎಂದರು. ಯಜಮಾನರು ತನ್ನ ಕೂದಲಿನ ಯೋಗಕ್ಷೇಮ ಏಕೆ ವಿಚಾರಿಸಿದರೆಂದು ಜೊಂಪೆ ಒಂದು ಕ್ಷಣ ನಿಂತು ಯೋಚಿಸಿದ್ದರೆ ಚೆನ್ನಾಗಿತ್ತು. ಯೋಚಿಸಲು ಅವನಿಗೆ ಪುರಸೊತ್ತೆಲ್ಲಿತ್ತು? ಎಡಹುಬ್ಬಿನಿಂದ ಬೆಳಿಗ್ಗೆ ನಾಲ್ಕು, ಈಗ ಮೂರು. ನರ್ಸಮ್ಮ ಉಜ್ಜಿದ ಕಡೆ ಬುಡ ಸಡಿಲವಾಗಿತ್ತು.

ಅವನು ಒಂದು ಕೈಗನ್ನಡಿ ಎತ್ತಿಕೊಂಡು ಹಿಂದಿನ ಬಚ್ಚಲಿಗೆ ಓಡಿದ. ಅಲ್ಲಿನ ಬಲ್ಬು ಸುಟ್ಟು ವಾರವಾಗಿತ್ತು. ಬಾಗಿಲ ಸಂದಿಯಿಂದ ಬರುವ ಬೆಳಕಿನಲ್ಲಿ, ತೂತುಬಿದ್ದ ಗೋಣಿಯ ಹಾಗೆ ಹುಬ್ಬಿನ ನಡುವೆ ಒಂದು ಖಾಲಿ ಜಾಗ ಕಂಡಿತು. ಜೇಬಿನಲ್ಲಿ, ಬಂದ ಕೂಡಲೇ ಕೌಂಟರಿನಿಂದ ಎತ್ತಿಟ್ಟುಕೊಂಡಿದ್ದ, ಗ್ಲಾಸು ಕತ್ತರಿಸುವ ಮೊದಲು ಗುರುತು ಹಾಕುವ ಪೆನ್ನಿತ್ತು. ಸ್ಪಿರಿಟ್ಟು ಹಾಕಿ ಒರೆಸುವವರೆಗೆ ಹೋಗದ ಶಾಯಿ. ಬೆವರಿಗೂ ಹೋಗುವುದಿಲ್ಲ, ನರ್ಸಮ್ಮನಿಗೂ ಹೋಗುವುದಿಲ್ಲ. ಜೊಂಪೆ ಉಸಿರು ಬಿಗಿಹಿಡಿದು ಖಾಲಿ ಜಾಗದಲ್ಲಿ ಒಂದೊಂದೇ ಕೂದಲು ಬರೆದ. ಮೂರು ದಿನಕ್ಕೊಮ್ಮೆ ಪೆನ್ನಿನ ಬಣ್ಣ ಬದಲಾಯಿಸುವುದು ಅಂಗಡಿಯ ರೂಢಿ ಎನ್ನುವುದು, ಹನ್ನೊಂದು ದಿನ ರಜದಲ್ಲಿದ್ದವನಿಗೆ ಮರೆತುಹೋಗಿತ್ತು. ಆ ದಿನದ ಬಣ್ಣ ನೀಲಿ.

ಹೊರಗೆ ಬಂದಾಗ ಬಿಲ್ಲಮ್ಮ ಅವನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಮ್ಮ ಹುಬ್ಬು…"

"ಕೊನೆಗೂ ಕಾಣಿಸ್ತಲ್ಲ!" ಎಂದ ಜೊಂಪೆ, ಧನ್ಯನಾಗಿ.

"ಕಾಣಿಸ್ತು. ಆದ್ರೆ ಒಂದು ನೀಲಿ ಇದೆ."

ಹನ್ನೊಂದು ಕನ್ನಡಿಗಳಲ್ಲಿ ಹನ್ನೊಂದು ನೀಲಿಹುಬ್ಬಿನ ಜೊಂಪೆಗಳು ಬಾಯಿ ತೆರೆದವು. ಅವನು ಸ್ಪಿರಿಟ್ಟಿನ ಸೀಸೆಗೆ ಕೈ ಹಾಕಿದ. ಒರೆಸಿದರೆ ಬಣ್ಣದ ಜೊತೆ ನೆಟ್ಟದ್ದೂ ಬರುತ್ತದೆ ಎಂದು ಹೊಳೆದು ಕೈ ಹಿಂದೆ ತೆಗೆದ. ಆ ಹೊತ್ತಿಗೆ ಸರಿಯಾಗಿ ಫೋಟೋದವನು ಕ್ಯಾಮೆರಾ, ದೀಪ, ಸ್ಟ್ಯಾಂಡುಗಳ ಸಮೇತ ಒಳಗೆ ಬಂದ.

ಯಜಮಾನರು ಅಂಗಡಿಯ ಬಾಗಿಲು ಮುಂದಕ್ಕೆಳೆದು, ನಡುವೆ ಒಂದು ಸ್ಟೂಲು ಹಾಕಿಸಿದರು. ಗಂಟಲು ಸರಿಮಾಡಿಕೊಂಡರು. ಜೊಂಪೆ ಮುಖದ ಬಲಗಡೆ ಮಾತ್ರ ಕಾಣುವ ಹಾಗೆ ಬಾಗಿಲಿನ ಪಕ್ಕ ಒತ್ತಿಕೊಂಡು ನಿಂತ. ಹುಬ್ಬಣ್ಣ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಜೊಂಪೆ ಒಳಗೊಳಗೇ 'ದೇವರೇ, ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಸಿಗದಿರಲಿ' ಎಂದು ಬೇಡಿಕೊಂಡ. ಅದು ಅವನ ಮನಸ್ಸಿನ ನಿಜವಾದ ಮಾತು.

"ಜೊಂಪೆ, ಬಾ, ಕೂತ್ಕೋ" ಎಂದರು ಯಜಮಾನರು.

ಒಂದು ಕ್ಷಣ ಅವನಿಗೆ ನಂಬಿಕೆಯೇ ಬರಲಿಲ್ಲ. ಹುಬ್ಬಣ್ಣನ ಕಡೆ ತಿರುಗಿ ನೋಡಿದ. ಆ ಮುಖ ಹುಳ್ಳಗಾಗಿತ್ತು! ಹನ್ನೆರಡು ದಿನದ ನೋವು, ಊತ, ಹಕ್ಕಳೆ ಎಲ್ಲ ಆ ಒಂದು ನೋಟಕ್ಕೆ ತೀರಿಹೋಯಿತು. ಜೊಂಪೆ ರಾಜನ ಹಾಗೆ ಬಂದು ಸ್ಟೂಲಿನ ಮೇಲೆ ಕೂತು, ಕ್ಯಾಮೆರಾಕ್ಕೆ ಬಲಗೆನ್ನೆ ಕೊಟ್ಟು, "ಸಾರ್, ಎಡಹುಬ್ಬಿಗೆ ಸ್ವಲ್ಪ ಶಾಯಿ ತಗಲಿದೆ. ಈ ಕಡೆಯಿಂದ ತೆಗೆದ್ರೆ…" ಎಂದ.

"ಹುಬ್ಬು ನೀಲಿ ಇದ್ರೂ ಅಷ್ಟೆ, ಹಸಿರು ಇದ್ರೂ ಅಷ್ಟೆ. ನಿನ್ನ ಮುಖ ಯಾರಿಗಯ್ಯ ಬೇಕು? ಹಿಂದಕ್ಕೆ ತಿರುಗು!"

"ಸಾರ್?"

ಯಜಮಾನರು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅರ್ಧ ಮಾತನ್ನು ಈಗ ಹೊರತೆಗೆದರು. ಜೊತೆಗೆ ಒಂದು ಪೆಟ್ಟಿಗೆಯನ್ನೂ. ಅದರಲ್ಲಿ ಹೊಸ ಬಗೆಯ ಕನ್ನಡಕವಿತ್ತು. ಅದರ ಕಡ್ಡಿ ಕಿವಿಯ ಹಿಂದೆ ಪೂರ್ತಿ ಬಾಗಿ, ಮಗುವಿನ ಮುಷ್ಟಿಯ ಹಾಗೆ ಹಿಡಿದುಕೊಳ್ಳುತ್ತಿತ್ತು. ಓಡಿದರೂ, ಬಗ್ಗಿದರೂ ಜಾರುವುದಿಲ್ಲ. "ಹೊಸ ಅಂಗಡೀಲಿ ಇದೇ ಮುಖ್ಯ. ಎಲ್ಲರೂ ಬೋರ್ಡ್ ಮೇಲೆ ಮುಖ ಹಾಕ್ತಾರೆ. ನಾನು ತಲೆ ಹಿಂದುಗಡೆ ಹಾಕ್ತೀನಿ! ದಟ್ಟ ಕೂದಲು, ಅದರ ನಡುವೆ ಕಿವಿ, ಕಿವಿ ಹಿಂದೆ ಈ ಕಡ್ಡಿ. ಈ ಊರಲ್ಲಿ ನಿನ್ನಂಥ ಹಿಂದಲೆ ಇನ್ಯಾರಿಗಿದೆ ಹೇಳು? ಕಂಪನಿಯವರಿಗೆ ಆಗಲೇ ಮಾತು ಕೊಟ್ಟಾಗಿದೆ."

ಜೊಂಪೆ ಸ್ಟೂಲಿನಿಂದ ಅರ್ಧ ಎದ್ದ. "ಬೇಡ ಸಾರ್, ಹಿಂದುಗಡೆ ಅಷ್ಟು ಚೆನ್ನಾಗಿಲ್ಲ" ಎಂದು ತೊದಲಿದ. ಫೋಟೋದವನು ಆಗಲೇ ಅವನ ಭುಜ ಹಿಡಿದು ತಿರುಗಿಸಿದ್ದ. ಕಡ್ಡಿ ಕಾಣಲೆಂದು ಕಿವಿಯ ಹಿಂದಿನ ಕೂದಲನ್ನು ಬೆರಳಿನಿಂದ ಎತ್ತಿದ. ಮೊದಲು ಒಂದು ಕ್ಲಿಪ್ಪು ಟಕ್ಕೆಂದು ಕೆಳಗೆ ಬಿತ್ತು. ಆಮೇಲೆ ಇನ್ನೊಂದು.

"ಅಯ್ಯಯ್ಯೋ" ಎಂದಳು ಬಿಲ್ಲಮ್ಮ. "ಇಲಿ ತಿಂದ ಹಾಗಿದೆಯಲ್ಲ!"

ಎರಡು ಬೆಂಕಿಪೊಟ್ಟಣದಗಲದ ಬೋಳು ಜಾಗ, ಅದರ ತುಂಬ ಕೆಂಪು ಚುಕ್ಕೆ. ಯಜಮಾನರು ಬಗ್ಗಿ ಅದನ್ನೇ ನೋಡಿದರು. ಆಮೇಲೆ ಕೇಳಿದರು. ಜೊಂಪೆ ಹೇಳಿದ. ಯಜಮಾನರು ಹಣೆಗೆ ಕೈ ಹಚ್ಚಿಕೊಂಡರು.

"ಕೈಗೆ ಬಂದಿದ್ದನ್ನ ನೀನೇ ಕಿತ್ತು ಹಣೆಗೆ ಹಚ್ಕೊಂಡೆಯಲ್ಲಯ್ಯ! ಈಗ ನಾನು ಯಾರ ತಲೆ ಹುಡುಕಲಿ?"

"ಸಾರ್" ಎಂದ ಹುಬ್ಬಣ್ಣ ಮೆಲ್ಲಗೆ. ಟೋಪಿ ಎಳೆದ.

ಕೂದಲು ಕುತ್ತಿಗೆಯವರೆಗೆ ದಬದಬನೆ ಇಳಿಯಿತು. ಕಪ್ಪಗೆ, ದಟ್ಟವಾಗಿ, ಅಲೆ ಅಲೆಯಾಗಿ. ಫೋಟೋದವನು ಸಿಳ್ಳೆ ಹಾಕಿದ. ಯಜಮಾನರು ಹತ್ತಿರ ಹೋಗಿ ಮುಟ್ಟಿ ನೋಡಿ, "ವಿಗ್ಗಾ?" ಎಂದರು. "ವಿಗ್ಗಾದ್ರೆ ಏನು, ಬೋರ್ಡ್ ಮೇಲೆ ಯಾರು ಎಳೆದು ನೋಡ್ತಾರೆ? ಕೂತ್ಕೋ!" ಎಂದರು. ಹುಬ್ಬಣ್ಣ ಬೆನ್ನು ಹಾಕಿ ಕೂತ. ಆ ಬೋಳುತಲೆ ಮನುಷ್ಯ, ಬೋರ್ಡಿನ ಮೇಲೆ ಬರುವುದು ಮುಖವೆಂದೇ ತಿಳಿದು, ತನ್ನ ಕೊರತೆಯನ್ನು ತಾನು ಮುಚ್ಚಿಕೊಂಡು ಬಂದಿದ್ದ. ಯಾರಾದರೂ ನಕ್ಕಾರೆಂದು ಟೋಪಿ ತೆಗೆಯುವ ಧೈರ್ಯವಾಗಿರಲಿಲ್ಲ, ಅಷ್ಟೆ.

ಕ್ಯಾಮೆರಾದ ಪರದೆಯಲ್ಲಿ ಮೂಡಿದ ಚಿತ್ರವನ್ನು ಜೊಂಪೆ ನೋಡಿದ. ಆ ಅಲೆ, ಎಡಗಡೆಯ ಆ ಸಣ್ಣ ಸುಳಿ, ಕುತ್ತಿಗೆಯ ಹತ್ತಿರ ಹೊರಕ್ಕೆ ತಿರುಗಿದ ಆ ತುದಿ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

"ತಪ್ಪು ತಿಳ್ಕೋಬೇಡ ಕಣೋ" ಎಂದ ಹುಬ್ಬಣ್ಣ, ತಿರುಗದೆಯೇ. "ವಿಗ್ ಮಾಡೋನು 'ಯಾವ ಥರ ಬೇಕು, ಒಂದು ಫೋಟೋ ತನ್ನಿ' ಅಂದ. ಎಂಟು ವರ್ಷ ನಿನ್ನ ಹಿಂದೇನೇ ಕೂತಿದ್ದೀನಿ. ದಿನಾ ಇದನ್ನ ನೋಡಿ ನೋಡಿ ಹೊಟ್ಟೆ ಉರ್ಕೊಂಡಿದ್ದೀನಿ. ಇನ್ಯಾರ ತಲೆ ತೋರಿಸ್ಲಿ?"

ಹದಿನೈದು ದಿನಕ್ಕೆ ಪಕ್ಕದ ಬೀದಿಯಲ್ಲಿ ಬೋರ್ಡು ಎದ್ದು ನಿಂತಿತು. ಒಳಗೆ, ಮ್ಯಾನೇಜರ್ ಕುರ್ಚಿಯ ಮೇಲೆ ಹುಬ್ಬಣ್ಣ. ನರ್ಸಮ್ಮ ಬೀದಿಯವರಿಗೆಲ್ಲ, "ನಮ್ಮ ಪಕ್ಕದ ಮನೆಯವರದ್ದೇ ತಲೆ, ನಾನು ಎಲ್ಲಿ ಬೇಕಾದ್ರೂ ಗುರುತು ಹಿಡೀತೀನಿ" ಎಂದು ಸಾರಿಕೊಂಡು ಬಂದರು. ಒಂದು ಸಂಜೆ ಜೊಂಪೆ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು, ಎರಡಾಳೆತ್ತರದ ಆ ಹಿಂದಲೆಯನ್ನು ಕಣ್ತುಂಬ ನೋಡಿದಳು.

"ನೀವು ಹೇಳ್ದೆ ಇದ್ದಿದ್ರೆ ನಿಮ್ದೇ ಅಂದ್ಕೋತಿದ್ದೆ. ಆದ್ರೂ ಒಂದು ಮಾತು ಹೇಳ್ಲಾ? ನಿಮ್ಮದಕ್ಕಿಂತ ಇದೇ ಚೆನ್ನಾಗಿದೆ ಕಣ್ರೀ."

ಜೊಂಪೆಯ ಹೊಟ್ಟೆಯಲ್ಲಿ ಸ್ಟೋವು ಮತ್ತೆ ಹೊತ್ತಿಕೊಂಡಿತು. ಇಷ್ಟು ದಿನ ಇನ್ನೊಬ್ಬನ ಹುಬ್ಬು ಕಂಡು ಉರಿಯುತ್ತಿದ್ದವನು ಈಗ ತನ್ನದೇ ತಲೆ ಕಂಡು ಉರಿಯಬೇಕಾಯಿತು. ಗಂಟಿಕ್ಕಬಾರದೆಂದು ಡಾಕ್ಟರು ಹೇಳಿದ್ದ ದಿನಗಳೂ ಮುಗಿದಿದ್ದವು. ಬೋರ್ಡನ್ನು ದುರುಗುಟ್ಟಿ ನೋಡುತ್ತ, ಅವನು ತನ್ನ ಬಲವನ್ನೆಲ್ಲ ಹಾಕಿ ಹುಬ್ಬು ಗಂಟಿಕ್ಕಿದ.

ಮೂರನೇ ವಾರ ಕಳೆದು ಆಗಲೇ ಐದಾರು ದಿನವಾಗಿತ್ತು. ಎಡಗಡೆ ಒಂಬತ್ತು ಕೂದಲಿದ್ದವು, ಬಲಗಡೆ ಹದಿಮೂರು.